ಆಕ್ಸೈಡ್ ಮೇಲೆ ಕೂರಿಸಿದ ಚಿನ್ನದ ನ್ಯಾನೊಕಣಗಳನ್ನು ಅಳೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಟೈಟಾನಿಯಾ (ಟೈಟಾನಿಯಂ ಡೈಆಕ್ಸೈಡ್) ಪುಡಿಯ ಮೇಲೆ ತೂಕದಲ್ಲಿ ಶೇ. 1ರಷ್ಟು ಚಿನ್ನ ಕೂರಿಸಿದ್ದೀರಿ, ಕಾಯಿಸಿದ್ದೀರಿ, ಪುಡಿ ನೇರಳೆ ಬಣ್ಣಕ್ಕೆ ತಿರುಗಿದೆ. ಈಗ ಉತ್ತರಿಸಬೇಕಾದ ಪ್ರಶ್ನೆಗಳು ಮೂರು. ಹಾಕಿದ ಚಿನ್ನದಲ್ಲಿ ನಿಜಕ್ಕೂ ಎಷ್ಟು ಕೂತಿದೆ? ಕಣಗಳ ಗಾತ್ರವೆಷ್ಟು? ಅದು ಲೋಹರೂಪದಲ್ಲಿದೆಯೋ ಅಯಾನಿನ ರೂಪದಲ್ಲೋ? 1987ರಲ್ಲಿ ಜಪಾನಿನ ಮಸಾತಾಕೆ ಹರುಟಾ ಮತ್ತು ಸಂಗಡಿಗರು ಆಕ್ಸೈಡ್ ಮೇಲಿನ ಚಿನ್ನ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೂ ಕಾರ್ಬನ್ ಮೊನಾಕ್ಸೈಡನ್ನು ಉತ್ಕರ್ಷಿಸುತ್ತದೆ ಎಂದು ತೋರಿಸಿದ ಮೇಲೆ, ಈ ಕ್ಷೇತ್ರದ ವಾದಗಳೆಲ್ಲ ಸುತ್ತುವುದು ಈ ಮೂರರ ಸುತ್ತಲೇ.

ತೊಡಕು ಏನೆಂದರೆ, ಈ ಮಾದರಿ ಬೆಳಕಿಗೆ, ಶಾಖಕ್ಕೆ, ಎಲೆಕ್ಟ್ರಾನಿಗೆ, ಕ್ಷ-ಕಿರಣಕ್ಕೆ ಬದಲಾಗುತ್ತದೆ. ಅಳೆಯಲು ಹೋದರೆ ಅಳೆಯುವ ಉಪಕರಣವೇ ಅದನ್ನು ಬೇರೆ ಮಾಡಿಬಿಡಬಹುದು. ಜೊತೆಗೆ ಒಂದೊಂದು ಉಪಕರಣವೂ ಕಣಗಳನ್ನು ತನ್ನದೇ ತಕ್ಕಡಿಯಲ್ಲಿ ತೂಗುತ್ತದೆ. ಹಾಗಾಗಿ ಯಾವುದನ್ನು ಯಾವ ಕ್ರಮದಲ್ಲಿ, ಎಷ್ಟು ಹುಷಾರಾಗಿ ಅಳೆಯಬೇಕು ಎಂಬುದೇ ಇಲ್ಲಿ ಅರ್ಧ ಕೆಲಸ. ಉದಾಹರಣೆಗೆ ಪಿ25 ಟೈಟಾನಿಯಾ (ಮಾರಾಟಕ್ಕೆ ಸಿಗುವ ಒಂದು ಬಗೆ; ಎರಡು ಹರಳುರೂಪಗಳಲ್ಲಿ ಸುಮಾರು ಶೇ. 80 ಅನಟೇಸ್, ಶೇ. 20 ರೂಟೈಲ್, ಗ್ರಾಮಿಗೆ 50 ಚದರ ಮೀಟರಿನಷ್ಟು ಹೊರಮೈ) ಮೇಲಿನ ಶೇ. 1 ಚಿನ್ನವನ್ನೇ ಉದ್ದಕ್ಕೂ ಇಟ್ಟುಕೊಳ್ಳೋಣ. ಬೇರೆ ಆಕ್ಸೈಡುಗಳಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಕೊನೆಯ ಭಾಗದಲ್ಲಿ ನೋಡಬಹುದು.

ಅಳತೆಗೆ ಮುಂಚೆ: ಮಾದರಿಯ ಚರಿತ್ರೆ

ಚಿನ್ನದ ಮೂಲ ಟೆಟ್ರಾಕ್ಲೋರೋ ಆರಿಕ್ ಆಮ್ಲದ ಟ್ರೈಹೈಡ್ರೇಟ್. ಇದರ ತೂಕದಲ್ಲಿ ಅರ್ಧದಷ್ಟು ಚಿನ್ನ. 1 ಗ್ರಾಂ ಟೈಟಾನಿಯಾದ ಮೇಲೆ ಶೇ. 1 ಚಿನ್ನ ಬೇಕೆಂದರೆ 10.1 ಮಿಲಿಗ್ರಾಂ ಚಿನ್ನ, ಅಂದರೆ ಸುಮಾರು 20.2 ಮಿಲಿಗ್ರಾಂ ಲವಣ. ಇದು ಗಾಳಿಯ ತೇವ ಹೀರಿ ಕ್ಷಣದಲ್ಲಿ ಅಂಟಂಟಾಗುತ್ತದೆ. ಪ್ರತಿ ಬಾರಿ ಪುಡಿ ತೂಗುವ ಬದಲು ಇಡೀ ಬಾಟಲಿಯನ್ನು ಒಮ್ಮೆಗೇ ನೀರಿನಲ್ಲಿ ಕರಗಿಸಿ, ಆ ದ್ರಾವಣದ ಸಾರತೆಯನ್ನು ಅಳೆದು, ಕತ್ತಲಲ್ಲಿ ಇಟ್ಟುಕೊಳ್ಳುವುದು ಲೇಸು. ಸ್ಟೀಲ್ ಚಮಚ ತಾಗಿಸಬೇಡಿ, ಲೋಹ ತಾಗಿದ ಕಡೆ ಚಿನ್ನ ಅಪಕರ್ಷಿಸಿ ಕೂರುತ್ತದೆ. ಪ್ಲಾಸ್ಟಿಕ್ ಅಥವಾ ಗಾಜಿನದೇ ಬಳಸಿ.

ನಿಕ್ಷೇಪ-ಅವಕ್ಷೇಪಣ ವಿಧಾನದಲ್ಲಿ ದ್ರಾವಣವನ್ನು 70–80 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಸೋಡಿಯಂ ಹೈಡ್ರಾಕ್ಸೈಡಿನಿಂದ ಪಿಎಚ್ 8–9ಕ್ಕೆ ತಂದು, ಟೈಟಾನಿಯಾ ಹಾಕಿ, ಒಂದು ಗಂಟೆ ಕಲಕುತ್ತಾರೆ. ಈ ದಾರಿಯಲ್ಲಿ ಹಾಕಿದ ಚಿನ್ನವೆಲ್ಲ ಕೂರುವುದಿಲ್ಲ, ಒಂದು ಪಾಲು ದ್ರಾವಣದಲ್ಲೇ ಉಳಿಯುತ್ತದೆ. ಯೂರಿಯಾ ಬಳಸಿ 80 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸುವ ದಾರಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೂರುತ್ತದೆ. ಯಾವ ದಾರಿ ಹಿಡಿದರೂ ಕ್ಲೋರೈಡ್ ಹೋಗುವವರೆಗೆ ಬೆಚ್ಚಗಿನ ನೀರಿನಲ್ಲಿ ತೊಳೆಯಲೇಬೇಕು. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಮಸುಕು ಕಾಣಿಸದಷ್ಟು. ಉಳಿದ ಕ್ಲೋರೈಡ್ ಕಾಯಿಸುವಾಗ ಚಿನ್ನದ ಕಣಗಳನ್ನು ಒಂದಕ್ಕೊಂದು ಬೆಸೆದು ದಪ್ಪ ಮಾಡುತ್ತದೆ, ಕ್ರಿಯೆಯ ತಾಣಗಳಿಗೂ ವಿಷವಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಕ್ಲೋರೈಡ್ ಬೇಗ ಹೋಗಲಿ ಎಂದು ಅಮೋನಿಯಾದಿಂದ ತೊಳೆಯುವವರಿದ್ದಾರೆ. ಅಯಾನು ರೂಪದ ಚಿನ್ನಕ್ಕೆ ಅಮೋನಿಯಾ ಸೇರಿದರೆ ಸಿಡಿಮದ್ದಿನಂಥ ಚಿನ್ನದ ಸಂಯುಕ್ತ ಹುಟ್ಟಬಹುದು, ಒಣಗಿದ ಮೇಲೆ ಅದು ಉಜ್ಜಿದರೂ ಸಿಡಿಯುತ್ತದೆ. ಆ ದಾರಿ ಬೇಡ.

ಒಣಗಿಸುವುದು ಕತ್ತಲಲ್ಲಿ, 100 ಡಿಗ್ರಿಗಿಂತ ಕೆಳಗೆ. ಒಣಗಿದ ಪುಡಿ ತಿಳಿಹಳದಿಯಾಗಿರಬೇಕು. ಕಾಯಿಸುವ ಮುನ್ನವೇ ನೇರಳೆ ಛಾಯೆ ಬಂದಿದ್ದರೆ ಬೆಳಕೋ ಶಾಖವೋ ಆಗಲೇ ಚಿನ್ನವನ್ನು ಲೋಹವಾಗಿಸಿದೆ ಎಂದರ್ಥ. ಆ ಮಾದರಿಯಿಂದ ‘ಕಾಯಿಸದ ಸ್ಥಿತಿ’ಯ ಅಳತೆ ತೆಗೆಯಬೇಡಿ. ಕಾಯಿಸುವಾಗ ಕುಲುಮೆಯ ಉಷ್ಣತೆ, ಏರಿಕೆಯ ವೇಗ, ಅನಿಲದ ಹರಿವು, ದೋಣಿಯಾಕಾರದ ಪಾತ್ರೆಯಲ್ಲಿ ಪುಡಿಯ ದಪ್ಪ ಇಷ್ಟನ್ನೂ ಬರೆದಿಡಿ. ನಮ್ಮ ಉದಾಹರಣೆಗೆ 300 ಡಿಗ್ರಿ, ಗಾಳಿ, 4 ಗಂಟೆ.

ಒಟ್ಟು 2 ಗ್ರಾಂ ಮಾಡಿಕೊಂಡರೆ ಎಲ್ಲ ಅಳತೆಗೂ ಸಾಕು. ಅದನ್ನು ಮೊದಲ ದಿನವೇ ಬೇರೆ ಬೇರೆ ಕಂದು ಬಾಟಲಿಗಳಿಗೆ ಹಂಚಿ. ಧಾತು ವಿಶ್ಲೇಷಣೆಗೆ 200 ಮಿಲಿಗ್ರಾಂ, ಎಕ್ಸ್‌ಆರ್‌ಡಿಗೆ (ಕ್ಷ-ಕಿರಣ ವಿವರ್ತನೆ) 300, ಹೊರಮೈ ವಿಸ್ತೀರ್ಣ ಅಳೆಯುವ ಅನಿಲ ಹೀರಿಕೆಗೆ 200, ಎಕ್ಸ್‌ಪಿಎಸ್‌ಗೆ (ಕ್ಷ-ಕಿರಣ ಬಿದ್ದಾಗ ಹೊರಡುವ ಎಲೆಕ್ಟ್ರಾನುಗಳ ಶಕ್ತಿ ಅಳೆಯುವ ವಿಧಾನ) 50, ಅವಕೆಂಪು ರೋಹಿತಕ್ಕೆ 100, ಟೆಮ್‌ಗೆ (ಪ್ರಸರಣ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿಟಿಕೆ, ಕ್ರಿಯೆಯ ಪರೀಕ್ಷೆಗೆ 300. ಉಳಿದದ್ದನ್ನು ಮುಟ್ಟದೆ ಫ್ರಿಜ್ಜಿನಲ್ಲಿಡಿ. ಒಂದು ಅಳತೆಗೆ ಹೋಗಿ ಬಂದ ಪುಡಿಯನ್ನು ಇನ್ನೊಂದಕ್ಕೆ ಕೊಡಬೇಡಿ. ಹೊರಮೈ ವಿಸ್ತೀರ್ಣ ಅಳೆಯುವ ಮುನ್ನ 300 ಡಿಗ್ರಿಯಲ್ಲಿ ನಿರ್ವಾತಕ್ಕೆ ಒಡ್ಡಿದ ಪುಡಿಯನ್ನೇ ಆಮೇಲೆ ಎಕ್ಸ್‌ಪಿಎಸ್‌ಗೆ ಕೊಟ್ಟು, ‘ಚಿನ್ನವೆಲ್ಲ ಲೋಹರೂಪದಲ್ಲಿದೆ’ ಎಂದು ಬರೆಯುವುದು ತೀರಾ ಸಾಮಾನ್ಯವಾದ ತಪ್ಪು. ಕಾಯಿಸದ ಮಾದರಿಯನ್ನಂತೂ ಹಾಗೆ ಬಿಸಿ ಮಾಡಲೇಬಾರದು.

ಹಂತ 1: ಎಷ್ಟು ಚಿನ್ನವಿದೆ

ಹಾಕಿದ್ದು ಶೇ. 1 ಎಂದ ಮಾತ್ರಕ್ಕೆ ಇರುವುದೂ ಅಷ್ಟೇ ಎಂದುಕೊಳ್ಳುವಂತಿಲ್ಲ. ಮುಂದಿನ ಪ್ರತಿಯೊಂದು ಲೆಕ್ಕವೂ ಈ ಅಂಕಿಯ ಮೇಲೆ ನಿಲ್ಲುವುದರಿಂದ ಇದನ್ನು ಮೊದಲು ಮುಗಿಸಿ.

50 ಮಿಲಿಗ್ರಾಂ ಪುಡಿಯನ್ನು ನಿಖರವಾಗಿ ತೂಗಿ, 3 ಮಿ.ಲೀ. ಗಾಢ ಹೈಡ್ರೋಕ್ಲೋರಿಕ್ ಆಮ್ಲ ಮತ್ತು 1 ಮಿ.ಲೀ. ಗಾಢ ನೈಟ್ರಿಕ್ ಆಮ್ಲದ ಆಕ್ವಾ ರೀಜಿಯಾದಲ್ಲಿ 80–90 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ಹೊಗೆಗೂಡಿನಲ್ಲೇ ಮಾಡಿ, ಪಾತ್ರೆಯ ಬಾಯಿ ಬಿಗಿಯಾಗಿ ಮುಚ್ಚಬೇಡಿ. ಟೈಟಾನಿಯಾ ಕರಗುವುದಿಲ್ಲ, ಕರಗಬೇಕಾದ್ದೂ ಇಲ್ಲ. ಚಿನ್ನ ಕರಗಿ ಹೊರಬರುತ್ತದೆ, ಉಳಿದ ಪುಡಿ ಮತ್ತೆ ಬೆಳ್ಳಗಾಗುತ್ತದೆ. ಬೆಳ್ಳಗಾಗದೆ ಬೂದುಬಣ್ಣ ಉಳಿದರೆ ಇನ್ನೊಮ್ಮೆ ಆಮ್ಲ ಹಾಕಿ. ಸೋಸಿ, ಶೇ. 5 ಹೈಡ್ರೋಕ್ಲೋರಿಕ್ ಆಮ್ಲದಿಂದ 50 ಮಿ.ಲೀ.ಗೆ ತನ್ನಿ. ಶೇ. 1 ಚಿನ್ನವಿದ್ದರೆ ಇದು ಲೀಟರಿಗೆ 10 ಮಿಲಿಗ್ರಾಂ ಆಗುತ್ತದೆ. ಐಸಿಪಿ ಉಪಕರಣದಲ್ಲಿ (ದ್ರಾವಣವನ್ನು ಪ್ಲಾಸ್ಮಾದಲ್ಲಿ ಉರಿಸಿ ಧಾತುಗಳ ಬೆಳಕಿನ ಗೆರೆ ಅಳೆಯುವಂಥದ್ದು) 242.795 ಮತ್ತು 267.595 ನ್ಯಾನೊಮೀಟರಿನ ಎರಡೂ ಗೆರೆಗಳಲ್ಲಿ ಓದಿ. ಎರಡೂ ಒಪ್ಪದಿದ್ದರೆ ಕರಗಿದ ಅಲ್ಪಸ್ವಲ್ಪ ಟೈಟಾನಿಯಂ ಅಥವಾ ಹಿನ್ನೆಲೆ ತಿದ್ದುಪಡಿಯಲ್ಲಿ ದೋಷವಿದೆ.

ಇಲ್ಲಿ ಕೈಕೊಡುವ ಸಂಗತಿಗಳು ಎರಡು. ಆಮ್ಲ ಕಡಿಮೆಯಾದರೆ ಚಿನ್ನ ಪಾತ್ರೆಯ ಗೋಡೆಗೆ ಅಂಟಿಕೊಂಡು ಅಂಕಿ ಕಡಿಮೆ ಬರುತ್ತದೆ. ಹಾಗೆಯೇ ಉಪಕರಣದ ಕೊಳವೆಗಳಲ್ಲೂ ಅಂಟಿ ಮುಂದಿನ ಮಾದರಿಯಲ್ಲಿ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಪ್ರತಿ ಮಾದರಿಯ ನಡುವೆ ಆಮ್ಲದಿಂದ ತೊಳೆದು ಖಾಲಿ ದ್ರಾವಣ ಓದಿ. ಮೂರು ಬೇರೆ ತೂಕಗಳನ್ನು ಕರಗಿಸಿ, ಅವುಗಳಲ್ಲಿ ಒಂದಕ್ಕೆ ಗೊತ್ತಿರುವಷ್ಟು ಚಿನ್ನ ಸೇರಿಸಿ. ಸೇರಿಸಿದ್ದರ ಶೇ. 95–105 ಮರಳಿ ಬಂದರೆ ಅಂಕಿಯನ್ನು ನಂಬಬಹುದು. ತಯಾರಿಯ ಸೋಸಿದ ನೀರನ್ನೂ ತೊಳೆದ ನೀರನ್ನೂ ಓದಿ, ಹಾಕಿದ ಚಿನ್ನದ ಲೆಕ್ಕ ಸರಿಹೊಂದಿಸಿ. ಹೊಂದದೆ ಹೋದರೆ ಎಲ್ಲೋ ಬೀಕರಿನ ಗೋಡೆಯಲ್ಲಿ ಚಿನ್ನ ಕೂತಿದೆ.

ಹಂತ 2: ಬಣ್ಣದಿಂದ ಶುರುಮಾಡಿ

ಪ್ರಸರಿತ ಪ್ರತಿಫಲನದ ರೋಹಿತಕ್ಕೆ ಹತ್ತು ನಿಮಿಷ ಸಾಕು, ಮಾದರಿಯೂ ಹಾಳಾಗದು. ಬೇರಿಯಂ ಸಲ್ಫೇಟ್ ಅಥವಾ ಟೆಫ್ಲಾನ್ ಬಿಳಿಯನ್ನು ಆಧಾರವಾಗಿಟ್ಟು 300ರಿಂದ 800 ನ್ಯಾನೊಮೀಟರ್‌ವರೆಗೆ ತೆಗೆಯಿರಿ. ಚಿನ್ನವಿಲ್ಲದ, ಆದರೆ ಅದೇ ಪಿಎಚ್, ಅದೇ ತೊಳೆತ, ಅದೇ ಶಾಖ ಕಂಡ ಟೈಟಾನಿಯಾವನ್ನೂ ಜೊತೆಗೆ ತೆಗೆಯಿರಿ. ಬಾಟಲಿಯಿಂದ ನೇರ ತೆಗೆದ ಟೈಟಾನಿಯಾ ಸರಿಯಾದ ಹೋಲಿಕೆಯಲ್ಲ. ನೀರಿನಲ್ಲಿ ತೇಲುವ ಚಿನ್ನದ ಕಣಗಳ ಪ್ಲಾಸ್ಮಾನ್ ಪಟ್ಟಿ (ಲೋಹದ ಎಲೆಕ್ಟ್ರಾನುಗಳು ಬೆಳಕಿಗೆ ಒಟ್ಟಾಗಿ ತೊನೆಯುವುದರಿಂದ ಬರುವ ಹೀರಿಕೆ) 520ರ ಬಳಿ ಇದ್ದರೆ, ಟೈಟಾನಿಯಾದ ಮೇಲೆ ಅದು 540–560ರ ಸುಮಾರಿಗೆ ಸರಿಯುತ್ತದೆ, ಏಕೆಂದರೆ ಟೈಟಾನಿಯಾದ ವಕ್ರೀಭವನಾಂಕ ಹೆಚ್ಚು.

ಪಟ್ಟಿ ಇದ್ದರೆ ಲೋಹರೂಪದ ಚಿನ್ನವಿದೆ ಎಂದು ಹೇಳಬಹುದು. ಪಟ್ಟಿ ಇಲ್ಲದಿದ್ದರೆ ಎರಡು ಸಾಧ್ಯತೆ: ಚಿನ್ನ ಇನ್ನೂ ಅಯಾನಾಗಿದೆ, ಅಥವಾ ಕಣಗಳು 2 ನ್ಯಾನೊಮೀಟರಿಗಿಂತ ಚಿಕ್ಕವು. ಅಷ್ಟು ಚಿಕ್ಕ ಕಣಗಳಲ್ಲಿ ಪ್ಲಾಸ್ಮಾನ್ ಪಟ್ಟಿ ಮಾಸಿಹೋಗುತ್ತದೆ. ಇದಕ್ಕಿಂತ ಹೆಚ್ಚನ್ನು ಈ ರೋಹಿತದಿಂದ ಹಿಂಡಲು ಹೋಗಬೇಡಿ. ಪಟ್ಟಿಯ ಸ್ಥಾನದಿಂದ ಗಾತ್ರ ಹೇಳುವುದು ತಪ್ಪು, ಏಕೆಂದರೆ ಆಕಾರ, ಆಧಾರದೊಡನೆ (ಕೆಳಗಿನ ಆಕ್ಸೈಡಿನೊಡನೆ) ಕೂತ ಬಗೆ, ಕಣಗಳ ನಡುವಿನ ಅಂತರ ಎಲ್ಲವೂ ಅದನ್ನು ಸರಿಸುತ್ತವೆ. ಇನ್ನೊಂದು: ಚಿನ್ನದ ಹೀರಿಕೆ ಇಡೀ ತಳರೇಖೆಯನ್ನೇ ಎತ್ತುವುದರಿಂದ ಟೌಕ್ ನಕ್ಷೆ (ಬೆಳಕಿನ ಹೀರಿಕೆಯಿಂದ ಶಕ್ತಿಯಂತರ, ಅಂದರೆ ಬ್ಯಾಂಡ್ ಗ್ಯಾಪ್, ಅಂದಾಜಿಸುವ ನಕ್ಷೆ) ಎಳೆದರೆ ಶಕ್ತಿಯಂತರ ಕಿರಿದಾದಂತೆ ಕಾಣುತ್ತದೆ. ಅನಟೇಸಿನ 3.2 ಇವಿ (ಎಲೆಕ್ಟ್ರಾನ್ ವೋಲ್ಟ್) ಶಕ್ತಿಯಂತರ ಹೊರಮೈ ಮೇಲೆ ಚಿನ್ನ ಕೂತ ಮಾತ್ರಕ್ಕೆ 2.8 ಆಗುವುದಿಲ್ಲ. ಅಂಥ ನಕ್ಷೆಯನ್ನು ಪ್ರಬಂಧಕ್ಕೆ ಹಾಕದಿರುವುದೇ ಒಳ್ಳೆಯದು.

ಹಂತ 3: ಎಕ್ಸ್‌ಆರ್‌ಡಿ, ಮತ್ತು ಅದು ಕಾಣಿಸದೆ ಬಿಡುವುದು

ತಾಮ್ರದ ಕೆ-ಆಲ್ಫಾ ಕಿರಣದಲ್ಲಿ ಚಿನ್ನದ ಶಿಖರಗಳು 2-ಥೀಟಾ ಕೋನ 38.2, 44.4, 64.6, 77.5 ಡಿಗ್ರಿಗಳಲ್ಲಿ. ಅನಟೇಸ್ 37.8 ಮತ್ತು 38.6ರಲ್ಲಿ ಶಿಖರ ಇಟ್ಟುಕೊಂಡು ಚಿನ್ನದ ಅತಿ ಬಲವಾದ ಗೆರೆಯನ್ನು ಎರಡೂ ಕಡೆಯಿಂದ ಮುಚ್ಚುತ್ತದೆ. 44.4 ಖಾಲಿಯಿದೆ ಎಂದು ಸಮಾಧಾನಪಟ್ಟುಕೊಂಡರೆ ರೂಟೈಲಿನ 44.05 ಅಲ್ಲಿ ಬರುತ್ತದೆ. 64.6ರ ಪಕ್ಕದಲ್ಲೂ ರೂಟೈಲಿನ 64.0 ಇದೆ. ಹಾಗಾಗಿ ಪಿ25 ಬಳಸಿದವರಿಗೆ ಆಧಾರವನ್ನು ಕಳೆಯದೆ ಗತಿಯಿಲ್ಲ.

35ರಿಂದ 50 ಡಿಗ್ರಿಯವರೆಗೆ 0.02 ಡಿಗ್ರಿಯ ಹೆಜ್ಜೆಯಲ್ಲಿ, ಹೆಜ್ಜೆಗೆ 5ರಿಂದ 10 ಸೆಕೆಂಡ್ ಕೊಟ್ಟು ನಿಧಾನವಾಗಿ ಓಡಿಸಿ. ಚಿನ್ನವಿಲ್ಲದ ಜೋಡಿಯನ್ನೂ ಅದೇ ಹೋಲ್ಡರಿನಲ್ಲಿ, ಅದೇ ವೇಗದಲ್ಲಿ ಓಡಿಸಿ, ಅನಟೇಸಿನ ಪ್ರತ್ಯೇಕವಾಗಿ ನಿಂತ 48.0ರ ಶಿಖರಕ್ಕೆ ಎತ್ತರ ಸರಿಹೊಂದಿಸಿ ಕಳೆಯಿರಿ. ಉಪಕರಣದಿಂದಲೇ ಬರುವ ಅಗಲವನ್ನು ಲ್ಯಾಂಥನಂ ಹೆಕ್ಸಾಬೋರೈಡ್ ಅಥವಾ ಸಿಲಿಕಾನ್ ಮಾನಕದಿಂದ ಅಳೆದು ತೆಗೆದುಹಾಕಿ.

ಶಿಖರದ ಅಗಲಕ್ಕೂ ಕಣದ ಗಾತ್ರಕ್ಕೂ ನಂಟು ಹೇಳುವ ಶೆರರ್ ಸೂತ್ರದ ಪ್ರಕಾರ 10 ನ್ಯಾನೊಮೀಟರ್ ಕಣದ 38.2ರ ಶಿಖರದ ಅರ್ಧ ಎತ್ತರದ ಅಗಲ ಸುಮಾರು 0.84 ಡಿಗ್ರಿ, 3 ನ್ಯಾನೊಮೀಟರಿನದು 2.8 ಡಿಗ್ರಿ. ಶೇ. 1 ಚಿನ್ನ ಅಷ್ಟು ಅಗಲಕ್ಕೆ ಹರಡಿಕೊಂಡರೆ ಅದು ಹಿನ್ನೆಲೆಯಲ್ಲೇ ಕರಗಿಹೋಗುತ್ತದೆ. ಹಾಗಾಗಿ ಶಿಖರ ಕಾಣದಿದ್ದರೆ ‘ಕಣಗಳು ಚಿಕ್ಕವು’ ಎಂದು ಬರೆಯುವ ಮುಂಚೆ ಒಂದು ಪರೀಕ್ಷೆ ಮಾಡಿ: ದಪ್ಪ ಚಿನ್ನದ ಪುಡಿಯನ್ನು ಅದೇ ಪ್ರಮಾಣದಲ್ಲಿ ಟೈಟಾನಿಯಾಗೆ ಬೆರೆಸಿ ಓಡಿಸಿ. ಅದು ಕಂಡು ನಿಮ್ಮದು ಕಾಣದಿದ್ದರೆ ಮಾತಿಗೆ ಬಲ ಬರುತ್ತದೆ. ಕಂಡ ಶಿಖರವೂ ದೊಡ್ಡ ಕಣಗಳದ್ದೇ ಮಾತು. ಚಿಕ್ಕವು ಎಷ್ಟಿದ್ದರೂ ಅವುಗಳ ದನಿ ಕೇಳಿಸುವುದಿಲ್ಲ.

ಹಂತ 4: ಟೆಮ್. ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿ ಕೊಡಿ

ಟೈಟಾನಿಯಾದ ಮೇಲಿನ ಚಿನ್ನಕ್ಕೆ ಹಾಡ್ಫ್-ಸ್ಟೆಮ್ ಚಿತ್ರಣವೇ (ಎಲೆಕ್ಟ್ರಾನ್ ಕಿರಣವನ್ನು ಬಿಂದು ಬಿಂದುವಾಗಿ ಹಾಯಿಸಿ, ದೊಡ್ಡ ಕೋನಕ್ಕೆ ಚದುರಿದ್ದನ್ನು ಹಿಡಿಯುವ ವಿಧಾನ) ಸರಿ. ಅಲ್ಲಿ ಹೊಳಪು ಪರಮಾಣು ಸಂಖ್ಯೆಯ ಸುಮಾರು 1.7ನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಚಿನ್ನ 79, ಟೈಟಾನಿಯಂ 22, ಆದ್ದರಿಂದ ಕಣಗಳು ಕತ್ತಲಲ್ಲಿ ಮಿಣುಕುಹುಳುಗಳಂತೆ ಎದ್ದು ಕಾಣುತ್ತವೆ. ಸಾಮಾನ್ಯ ಬೆಳಕುಕ್ಷೇತ್ರದ ಟೆಮ್ ಮಾತ್ರ ಸಿಕ್ಕಿದರೆ 2 ನ್ಯಾನೊಮೀಟರಿಗಿಂತ ಚಿಕ್ಕವು ಟೈಟಾನಿಯಾದ ಕರಿ ನೆರಳುಗಳಲ್ಲಿ ತಪ್ಪಿಹೋಗುತ್ತವೆ ಎಂಬುದನ್ನು ಬರವಣಿಗೆಯಲ್ಲಿ ಒಪ್ಪಿಕೊಳ್ಳಿ. ಜಾಲರಿ ಗೆರೆ ನೋಡಿ ‘ಇದು ಚಿನ್ನ’ ಎನ್ನುವಾಗಲೂ ಜೋಕೆ. ಚಿನ್ನದ 111 ತಲಗಳ ಅಂತರ 0.235 ನ್ಯಾನೊಮೀಟರ್, ಅನಟೇಸಿನ 004 ತಲಗಳದು 0.238. ಒಂದೇ ಗೆರೆಯ ಗುಂಪಿನಿಂದ ಇವೆರಡನ್ನು ಬೇರ್ಪಡಿಸಲಾಗದು.

ಮಾದರಿ ಹಾಕುವುದು ಸರಳ. ಕಾಯಿಸಿದ ಪುಡಿಯನ್ನು ಎಥನಾಲಿನಲ್ಲಿ ಐದು ನಿಮಿಷ ಶ್ರವಣಾತೀತ ಸ್ನಾನ ಮಾಡಿಸಿ, ರಂಧ್ರವಿರುವ ಕಾರ್ಬನ್ ಪದರದ ತಾಮ್ರದ ಗ್ರಿಡ್ ಮೇಲೆ ಒಂದು ಹನಿ ಬಿಟ್ಟು ಒಣಗಿಸಿ. ಕಾಯಿಸದ ಪುಡಿಗೆ ಎಥನಾಲ್ ಬೇಡ, ಅದು ಮೂರು ವೇಲೆನ್ಸಿಯ ಚಿನ್ನವನ್ನು ಅಪಕರ್ಷಿಸಬಲ್ಲದು. ಒಣ ಪುಡಿಯ ಮೇಲೆ ಗ್ರಿಡ್ ಒತ್ತಿ, ಹೆಚ್ಚಾದದ್ದನ್ನು ಊದಿ. ಧಾತುವಿನ ಗುರುತಿಗೆ ಎಕ್ಸ್-ರೇ ರೋಹಿತ ತೆಗೆಯುವಾಗ ಚಿನ್ನದ ಎಂ ಗೆರೆ (2.12 ಕೆಇವಿ) ಬಿಟ್ಟು ಎಲ್-ಆಲ್ಫಾ ಗೆರೆ (9.71 ಕೆಇವಿ) ನೋಡಿ. ಎಂ ಗೆರೆಗೆ ಗಂಧಕ, ಜಿರ್ಕೋನಿಯಂ ತೀರಾ ಹತ್ತಿರ ಬರುತ್ತವೆ. ಇದೇ ಪುಡಿಯನ್ನು ಎಸ್‌ಇಎಂಗೆ (ಹೊರಮೈ ನೋಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಕೊಡುವುದಿದ್ದರೆ ಒಂದು ಮಾತನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ: ಚಿನ್ನದ ಲೇಪ ಬೇಡ, ಕಾರ್ಬನ್ ಲೇಪ ಮಾಡಿ. ರೂಢಿಯಂತೆ ಚಿನ್ನ ಎರಚಿಬಿಟ್ಟರೆ ಆಮೇಲೆ ನೋಡುವ ಚಿನ್ನ ಯಾರದ್ದೆಂದು ಹೇಳುವುದು ಹೇಗೆ?

ಎಲೆಕ್ಟ್ರಾನ್ ಕಿರಣದ ಕೆಳಗೆ ಚಿನ್ನದ ಚಿಕ್ಕ ಕಣಗಳು ಓಡಾಡುತ್ತವೆ, ಒಂದಕ್ಕೊಂದು ಸೇರುತ್ತವೆ. ಅಯಾನು ಚಿನ್ನ ಕಣ್ಣೆದುರೇ ಲೋಹವಾಗುತ್ತದೆ. ಹೊಸ ಜಾಗಕ್ಕೆ ಹೋದ ಕೂಡಲೇ ಮೊದಲ ಚಿತ್ರ ತೆಗೆದುಕೊಳ್ಳಿ, ಫೋಕಸ್ಸನ್ನು ಪಕ್ಕದ ಜಾಗದಲ್ಲಿ ಸರಿಮಾಡಿ. ಅದೇ ಜಾಗದ ಎರಡನೇ ಚಿತ್ರ ತೆಗೆದು ಹೋಲಿಸಿದರೆ ಕಿರಣದ ಹಾನಿ ಎಷ್ಟೆಂದು ತಿಳಿಯುತ್ತದೆ.

ಎಣಿಕೆಗೆ ಬರೋಣ. ಒಂದು ಚಂದದ ಚಿತ್ರ ಆರಿಸಿ ಐವತ್ತು ಕಣ ಎಣಿಸಿದರೆ ಅದು ಅಳತೆಯಲ್ಲ. ಕನಿಷ್ಠ 300 ಕಣ, ಹತ್ತಕ್ಕೂ ಹೆಚ್ಚು ಬೇರೆ ಬೇರೆ ಟೈಟಾನಿಯಾ ಗುಂಪುಗಳಿಂದ. ಹೆಚ್ಚು ವರ್ಧನೆಯಲ್ಲಿ ಒಂದು ಪಿಕ್ಸೆಲ್ 0.1 ನ್ಯಾನೊಮೀಟರ್ ಇರುವಂತೆ ನೋಡಿಕೊಳ್ಳಿ. ಜೊತೆಗೆ ಒಂದು ಮೈಕ್ರಾನ್ ಅಗಲದ ಕಡಿಮೆ ವರ್ಧನೆಯ ಹತ್ತಾರು ಚಿತ್ರ ಬೇಕೇ ಬೇಕು, ಅಪರೂಪದ ದೊಡ್ಡ ಕಣಗಳು ಸಿಗುವುದು ಅಲ್ಲೇ. ಅವು ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಈ ಲೆಕ್ಕ ನೋಡಿ.

100 ಕಣಗಳಲ್ಲಿ 98 ಕಣ 3 ನ್ಯಾನೊಮೀಟರ್, 2 ಕಣ 12 ನ್ಯಾನೊಮೀಟರ್ ಎಂದಿಟ್ಟುಕೊಳ್ಳಿ. ಸಂಖ್ಯೆಯ ಸರಾಸರಿ 3.18. ಹೊರಮೈಯಿಂದ ತೂಗಿದ ಸರಾಸರಿ, ಅಂದರೆ ವ್ಯಾಸಗಳ ಘನಗಳ ಮೊತ್ತವನ್ನು ವರ್ಗಗಳ ಮೊತ್ತದಿಂದ ಭಾಗಿಸಿದ್ದು: 6102 ಭಾಗಿಸು 1170, ಅಂದರೆ 5.2 ನ್ಯಾನೊಮೀಟರ್. ಘನ ಅಳತೆಯಿಂದ ತೂಗಿದ ಸರಾಸರಿ 8.1. ಮಾದರಿ ಒಂದೇ, ಉತ್ತರ ಮೂರು. ಮತ್ತು ಆ ಎರಡೇ ಎರಡು ಕಣಗಳಲ್ಲಿ ಒಟ್ಟು ಚಿನ್ನದ ಶೇ. 57 ಅಡಗಿದೆ! ಎಕ್ಸ್‌ಆರ್‌ಡಿ 8 ಎಂದು, ಟೆಮ್ 3 ಎಂದು ಹೇಳಿದರೆ ಯಾವುದೋ ಒಂದು ಸುಳ್ಳು ಎಂದುಕೊಳ್ಳುವವರು ಈ ಲೆಕ್ಕವನ್ನೊಮ್ಮೆ ಕೈಯಾರೆ ಮಾಡಬೇಕು. ಆ ಎರಡು ಕಣಗಳನ್ನು ಹುಡುಕದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಚಿನ್ನವನ್ನೇ ನೋಡದೆ ವರದಿ ಬರೆದಂತಾಯಿತು.

ಹೊರಗೆ ಕಾಣುವ ಪರಮಾಣುಗಳ ಪಾಲು (ಹರಡಿಕೆ) ಚಿನ್ನಕ್ಕೆ ಸುಮಾರು 1.17ನ್ನು ನ್ಯಾನೊಮೀಟರಿನ ವ್ಯಾಸದಿಂದ ಭಾಗಿಸಿದಷ್ಟು. ಇದಕ್ಕೆ ಹಾಕಬೇಕಾದ್ದು ಹೊರಮೈ ಸರಾಸರಿ. 5.2 ಹಾಕಿದರೆ 0.22, ತಪ್ಪಾಗಿ 3.18 ಹಾಕಿದರೆ 0.37. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಹಂತ 7ರಲ್ಲಿ ಮತ್ತೆ ಬರುತ್ತವೆ. ಈ ಸೂತ್ರ ಕಣಗಳು ಗುಂಡಗಿವೆ ಎಂದು ಊಹಿಸುತ್ತದೆ. ಅರ್ಧಗೋಳವಾಗಿ ಚಪ್ಪಟೆ ಕೂತಿದ್ದರೆ ಅಂಚಿನಿಂದ ನೋಡಿದ ಚಿತ್ರದಲ್ಲಿ ಎತ್ತರವನ್ನೂ ಅಳೆದು ತಿದ್ದಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿರುವ ಗುಣಲಕ್ಷಣ ಪರೀಕ್ಷಾ ಸೌಲಭ್ಯ ಹೊರಗಿನ ಸಂಶೋಧಕರಿಗೂ ತೆರೆದಿದೆ. ಇಂಥ ಕಡೆ ಮಾದರಿ ಕಳಿಸುವಾಗ ‘ಟೆಮ್ ಬೇಕು’ ಎಂದಷ್ಟೇ ಬರೆದರೆ ಐದು ಚಿತ್ರ ಬರುತ್ತವೆ. ಯಾವ ವಿಧಾನ, ಎಷ್ಟು ಜಾಗ, ಯಾವ ವರ್ಧನೆಗಳು, ಕಿರಣದಿಂದ ಹಾನಿಯಾಗುತ್ತದೆ ಎಂಬುದನ್ನೆಲ್ಲ ಬರೆದು, ಸಾಧ್ಯವಾದರೆ ಪಕ್ಕದಲ್ಲೇ ಕೂತು ತೆಗೆಸಿ.

ಹಂತ 5: ಎಕ್ಸ್‌ಪಿಎಸ್. ಲೋಹವೋ ಅಯಾನೋ

ಲೋಹರೂಪದ ಚಿನ್ನದ 4ಎಫ್ 7/2 ಎಲೆಕ್ಟ್ರಾನ್ ಮಟ್ಟದ ಶಿಖರ 84.0 ಇವಿಯಲ್ಲಿ. ಜೊತೆಗಾರ 5/2 ಅದಕ್ಕಿಂತ 3.67 ಇವಿ ಮೇಲೆ, ವಿಸ್ತೀರ್ಣದ ಅನುಪಾತ 4ಕ್ಕೆ 3. ಮೂರು ವೇಲೆನ್ಸಿಯ ಚಿನ್ನ 86ರಿಂದ ಮೇಲೆ, ಒಂದು ವೇಲೆನ್ಸಿಯದು ಇವೆರಡರ ನಡುವೆ, 85ರ ಆಸುಪಾಸಿನಲ್ಲಿ.

ಓದುವ ಕ್ರಮ ಮುಖ್ಯ. ಕ್ಷ-ಕಿರಣ ಹಚ್ಚಿದ ಕೂಡಲೇ ಮೊದಲು ಚಿನ್ನದ 4ಎಫ್ ತೆಗೆಯಿರಿ, ಇಡೀ ಶಕ್ತಿವ್ಯಾಪ್ತಿಯ ಸರ್ವೇ ಆಮೇಲೆ. ಐದೈದು ಸುತ್ತಿನ ಕಂತುಗಳಲ್ಲಿ ಉಳಿಸಿ, ಕೊನೆಗೆ ಚಿನ್ನವನ್ನೇ ಇನ್ನೊಮ್ಮೆ ತೆಗೆಯಿರಿ. ಮೊದಲ ಕಂತಿಗೂ ಕೊನೆಯದಕ್ಕೂ ವ್ಯತ್ಯಾಸವಿದ್ದರೆ ಕಿರಣ ಮತ್ತು ನಿರ್ವಾತ ಸೇರಿ ಚಿನ್ನವನ್ನು ಅಪಕರ್ಷಿಸಿವೆ. ಆಗ ಮೊದಲ ಕಂತನ್ನಷ್ಟೇ ನಂಬಿ, ಅದು ಎಷ್ಟೇ ಗದ್ದಲವಾಗಿದ್ದರೂ. ಶಕ್ತಿಯ ಮಾಪನಕ್ಕೆ ಕಾರ್ಬನ್ 1ಎಸ್ 284.8 ರೂಢಿ. ಟೈಟಾನಿಯಾದಲ್ಲಿ ಟೈಟಾನಿಯಂ 2ಪಿ 3/2 ಶಿಖರ 458.8ರ ಬಳಿ ಬಂದಿದೆಯೇ ಎಂದು ಜೊತೆಗೆ ಪರೀಕ್ಷಿಸಿ.

ಶಿಖರ ಅರ್ಧ ಇವಿ ಸರಿದರೆ ಅದರಿಂದ ಏನು ಹೇಳಬಹುದು? ಅವಸರಪಡಬೇಡಿ. ತೀರಾ ಚಿಕ್ಕ ಕಣದಿಂದ ಎಲೆಕ್ಟ್ರಾನ್ ಹೊರಹೋದಾಗ ಉಳಿದ ಧನ ಆವೇಶ ಬೇಗ ಮರೆಯಾಗುವುದಿಲ್ಲ, ಹಾಗಾಗಿ ಲೋಹರೂಪದಲ್ಲೇ ಇದ್ದರೂ ಶಿಖರ ಮೇಲಕ್ಕೆ ಸರಿಯುತ್ತದೆ. ಇನ್ನೊಂದೆಡೆ ಆಮ್ಲಜನಕ ಕಳೆದುಕೊಂಡ ಟೈಟಾನಿಯಾ ಚಿನ್ನಕ್ಕೆ ಎಲೆಕ್ಟ್ರಾನ್ ಕೊಟ್ಟರೆ ಶಿಖರ 83.5ರ ಕಡೆಗೆ ಇಳಿಯುತ್ತದೆ. 84.5ರ ಶಿಖರವನ್ನು ‘ಒಂದು ವೇಲೆನ್ಸಿಯ ಚಿನ್ನ’ ಎಂದು ಕರೆಯಲು ಎಕ್ಸ್‌ಪಿಎಸ್ ಒಂದೇ ಸಾಲದು. ಅವಕೆಂಪೋ ಎಕ್ಸಾಫ್ಸೋ (ಕ್ಷ-ಕಿರಣ ಹೀರಿಕೆಯಿಂದ ಪರಮಾಣುವಿನ ನೆರೆಹೊರೆ ತಿಳಿಯುವ ವಿಧಾನ) ಕೂಡ ಹೂಂ ಎನ್ನಬೇಕು.

ಕ್ಲೋರಿನ್ 2ಪಿ ಪ್ರದೇಶವನ್ನೂ (198–200 ಇವಿ) ಮರೆಯದೆ ತೆಗೆಯಿರಿ. ಶೇ. 1 ಮಾದರಿಯಲ್ಲಿ ಚಿನ್ನ-ಟೈಟಾನಿಯಂ ಪರಮಾಣು ಅನುಪಾತ ಒಟ್ಟಾರೆ 0.0041. ಎಕ್ಸ್‌ಪಿಎಸ್ ಕೊಡುವ ಅನುಪಾತವನ್ನು ಇದರೊಡನೆ, ಕಾಯಿಸುವ ಮುಂಚೆ ಮತ್ತು ನಂತರ, ಹೋಲಿಸಿ. ಕಾಯಿಸಿದ ಮೇಲೆ ಥಟ್ಟನೆ ಕುಸಿದಿದ್ದರೆ ಕಣಗಳು ಬೆಳೆದಿವೆ.

ಎಕ್ಸಾಫ್ಸ್ ಬೇಕೆನಿಸಿದರೆ ನಮ್ಮಲ್ಲಿ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್ ಇದೆ. ಚಿನ್ನದ ಎಲ್3 ಅಂಚು, ಅಂದರೆ ಕ್ಷ-ಕಿರಣ ಹೀರಿಕೆ ಥಟ್ಟನೆ ಜಿಗಿಯುವ ಶಕ್ತಿ, 11,919 ಇವಿ. 13 ಮಿ.ಮೀ. ಬಿಲ್ಲೆಗೆ 60 ಮಿಲಿಗ್ರಾಂ ಪುಡಿ ಹಾಕಿದರೆ ಅಂಚಿನ ಜಿಗಿತ 0.05ರಷ್ಟೇ ಬರುತ್ತದೆ. ಪುಡಿ ಹೆಚ್ಚಿಸಿದರೆ ಟೈಟಾನಿಯಂ ಕಿರಣವನ್ನೆಲ್ಲ ನುಂಗುತ್ತದೆ. ಆದ್ದರಿಂದ ಅರ್ಜಿಯಲ್ಲೇ ಪ್ರತಿದೀಪ್ತಿ ವಿಧಾನ ಕೇಳಿ. ಚಿನ್ನ-ಚಿನ್ನ ಅಂತರ ದಪ್ಪ ಲೋಹದಲ್ಲಿ 2.88 ಆಂಗ್‌ಸ್ಟ್ರಾಂ, ಒಂದೊಂದು ಪರಮಾಣುವಿನ ನೆರೆಯ ಪರಮಾಣುಗಳು 12. ಕಣ ಚಿಕ್ಕದಾದಷ್ಟೂ ಎರಡೂ ಇಳಿಯುತ್ತವೆ. 2.28ರ ಬಳಿ ಏನಾದರೂ ಕಂಡರೆ ಅದು ಉಳಿದ ಕ್ಲೋರಿನ್, ತೊಳೆತ ಸಾಲದು.

ಹಂತ 6: ಕಾರ್ಬನ್ ಮೊನಾಕ್ಸೈಡ್ ಹೀರಿಸಿ ಅವಕೆಂಪು ರೋಹಿತ

ಪ್ಲಾಟಿನಂ, ಪಲ್ಲಾಡಿಯಂ ಅಭ್ಯಾಸವಿದ್ದವರು ಕೋಣೆಯ ಉಷ್ಣತೆಯಲ್ಲಿ ಅನಿಲ ಹೀರಿಸಿ ಹರಡಿಕೆ ಲೆಕ್ಕ ಹಾಕಲು ಹೊರಡುತ್ತಾರೆ. ಚಿನ್ನದಲ್ಲಿ ಅದು ನಡೆಯದು. ಹೈಡ್ರೋಜನ್ ಸರಿಯಾಗಿ ಹಿಡಿಯುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಹಿಡಿದರೂ ಸಡಿಲ, ಅನಿಲ ನಿಲ್ಲಿಸಿದರೆ ಎದ್ದುಹೋಗುತ್ತದೆ. ಆದರೆ ಗುಣ ತಿಳಿಯಲು ಅದು ಉತ್ತಮ ದೂತ.

ಮಾದರಿಯನ್ನು ಕೋಶದಲ್ಲಿ ಆಮ್ಲಜನಕದ ಹರಿವಿನಲ್ಲಿ 200 ಡಿಗ್ರಿಗೆ ಅರ್ಧ ಗಂಟೆ ಇಟ್ಟು, ಜಡ ಅನಿಲದಲ್ಲಿ ತಣಿಸಿ, ಹಿನ್ನೆಲೆ ತೆಗೆದುಕೊಳ್ಳಿ. ಶೇ. 1 ಕಾರ್ಬನ್ ಮೊನಾಕ್ಸೈಡನ್ನು 15 ನಿಮಿಷ ಹರಿಸಿ ರೋಹಿತ ತೆಗೆಯಿರಿ. ಕೋಣೆಯಲ್ಲಿ ಅನಿಲ ಸೋರಿಕೆಯ ಅಲಾರಂ ಇಲ್ಲದೆ ಈ ಸಿಲಿಂಡರ್ ತೆರೆಯಲೇಬೇಡಿ, ಇದಕ್ಕೆ ವಾಸನೆಯಿಲ್ಲ. 2143 ಸೆಂ.ಮೀ.⁻¹ ಸುತ್ತ ಎರಡು ದಿಬ್ಬಗಳಾಗಿ ಕಾಣುವುದು ಬರೀ ಅನಿಲ. ಖಾಲಿ ಪುಡಿಯ ಮೇಲೆ ಅದೇ ಒತ್ತಡದಲ್ಲಿ ತೆಗೆದ ರೋಹಿತವನ್ನು ಕಳೆಯಿರಿ. ಉಳಿದದ್ದರಲ್ಲಿ 2100–2110 ಸೆಂ.ಮೀ.⁻¹ ಲೋಹರೂಪದ ಚಿನ್ನ, 2120–2140 ಅಲ್ಪ ಧನ ಆವೇಶದ್ದು, 2150ರ ಮೇಲೆ ಒಂದು ವೇಲೆನ್ಸಿಯದ್ದು, 2180ರ ಮೇಲಿನದು ಟೈಟಾನಿಯಂ ತಾಣಗಳದ್ದು. ಐದೈದು ನಿಮಿಷಕ್ಕೆ ಒಂದರಂತೆ ರೋಹಿತ ತೆಗೆಯಿರಿ. ಮೊದಲಿದ್ದ 2130ರ ಪಟ್ಟಿ ಮೆಲ್ಲನೆ 2105ಕ್ಕೆ ಜಾರಿದರೆ ಹೀರಿಸಿದ ಅನಿಲವೇ ಚಿನ್ನವನ್ನು ಅಪಕರ್ಷಿಸುತ್ತಿದೆ.

ಹಂತ 7: ಕ್ರಿಯೆಗೆ ಹಚ್ಚಿ ನೋಡುವುದು

50 ಮಿಲಿಗ್ರಾಂ ಕ್ರಿಯಾವರ್ಧಕವನ್ನು ನಾಲ್ಕೈದು ಪಟ್ಟು ಕ್ವಾರ್ಟ್ಜ್ ಅಥವಾ ಸಿಲಿಕಾನ್ ಕಾರ್ಬೈಡ್ ಪುಡಿಯೊಡನೆ ಬೆರೆಸಿ ತುಂಬಿ. ಶೇ. 1 ಕಾರ್ಬನ್ ಮೊನಾಕ್ಸೈಡ್, ಶೇ. 20 ಆಮ್ಲಜನಕ, ನಿಮಿಷಕ್ಕೆ 50 ಮಿ.ಲೀ. ವೇಗದ ಲೆಕ್ಕಕ್ಕೆ ಪರಿವರ್ತನೆ ಶೇ. 15 ದಾಟಬಾರದು. ಶೇ. 100 ಪರಿವರ್ತನೆಯಲ್ಲಿ ಎರಡು ಮಾದರಿಗಳನ್ನು ಹೋಲಿಸಿದರೆ ಏನೂ ತಿಳಿಯದು.

ಶೇ. 10 ಪರಿವರ್ತನೆ ಎಂದರೆ ಸೆಕೆಂಡಿಗೆ ಸುಮಾರು 3.4 × 10⁻⁸ ಮೋಲ್. ಅರ್ಧ ಮಿಲಿಗ್ರಾಂ ಚಿನ್ನ 2.54 × 10⁻⁶ ಮೋಲ್. ಹರಡಿಕೆ 0.22 ಎಂದರೆ ಒಂದೊಂದು ಹೊರಪರಮಾಣುವಿನ ಆವರ್ತನ (ಅದರ ಮೇಲೆ ಕ್ರಿಯೆ ನಡೆಯುವ ಸಲ) ಸೆಕೆಂಡಿಗೆ 0.061, ಹರಡಿಕೆ 0.37 ಎಂದರೆ 0.036. ಹೊರಮೈ ಸರಾಸರಿಯ ಬದಲು ಸಂಖ್ಯೆಯ ಸರಾಸರಿ ಹಾಕಿದ ತಪ್ಪು ಇಲ್ಲಿಗೆ ಬಂದು ಅಂಕಿಯನ್ನು ಸುಮಾರು ಶೇ. 40ರಷ್ಟು ಇಳಿಸಿತು.

ಅನಿಲದಲ್ಲಿ ತೇವ ಎಷ್ಟಿದೆ ಎಂದು ತಿಳಿಯದೆ ಅಂಕಿ ಕೊಡಬೇಡಿ. ನೀರಿನ ಅಲ್ಪ ಅಂಶವೂ ಚಿನ್ನದ ಮೇಲಿನ ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಉಕ್ಕಿನ ಸಿಲಿಂಡರಿನಲ್ಲಿಟ್ಟ ಕಾರ್ಬನ್ ಮೊನಾಕ್ಸೈಡ್ ಕಬ್ಬಿಣದ ಕಾರ್ಬೊನಿಲ್ ಹೊತ್ತು ತಂದು ಮಾದರಿಯ ಮೇಲೆ ಕಬ್ಬಿಣ ಕೂರಿಸುತ್ತದೆ. ಅಲ್ಯೂಮಿನಿಯಂ ಸಿಲಿಂಡರ್ ಕೇಳಿ, ಇಲ್ಲವೇ ಬಿಸಿ ಅಲ್ಯೂಮಿನಾ ಕೊಳವೆಯ ಮೂಲಕ ಹಾಯಿಸಿ. ಅವಕೆಂಪು ಪ್ರಯೋಗಕ್ಕೂ ಈ ಮಾತು ಅನ್ವಯ.

ಆಧಾರ ಬದಲಾದರೆ

ಸೀರಿಯಾದಲ್ಲಿ (ಸೀರಿಯಂ ಆಕ್ಸೈಡ್) ಎಕ್ಸ್‌ಆರ್‌ಡಿ ಸುಖ, 38.2 ಖಾಲಿ ಇರುತ್ತದೆ. ಆದರೆ ಸೀರಿಯಂ ಪರಮಾಣು ಸಂಖ್ಯೆ 58 ಆದ್ದರಿಂದ ಸ್ಟೆಮ್‌ನಲ್ಲಿ ಚಿನ್ನ ಎದ್ದು ಕಾಣದು, ಧಾತು ನಕ್ಷೆಯಿಲ್ಲದೆ ಎಣಿಸಬೇಡಿ. ಅಪಕರ್ಷಿತ ಸೀರಿಯಾ ತಾನೇ 2120ರ ಬಳಿ ಒಂದು ಅವಕೆಂಪು ಪಟ್ಟಿ ಕೊಡುತ್ತದೆ, ಅದನ್ನು ಚಿನ್ನದ ಖಾತೆಗೆ ಬರೆಯಬೇಡಿ. ಜಿಂಕ್ ಆಕ್ಸೈಡಿನಲ್ಲಿ ಸತುವಿನ 3ಪಿ, ಮೆಗ್ನೀಷಿಯಾದಲ್ಲಿ ಮೆಗ್ನೀಷಿಯಂ 2ಎಸ್ ಶಿಖರಗಳು ಚಿನ್ನದ 4ಎಫ್ 5/2 ಮೇಲೆ ಬಂದು ಕೂರುತ್ತವೆ. ಅಲ್ಲಿ 335 ಇವಿಯ 4ಡಿ ಶಿಖರವನ್ನೂ ನೋಡಿ. ಗಾಮಾ ಅಲ್ಯೂಮಿನಾದ ಅಗಲ ಶಿಖರಗಳು 37ರಿಂದ 46 ಡಿಗ್ರಿಯವರೆಗೆ ಹರಡಿರುವುದರಿಂದ ಅಲ್ಲಿ ಎಕ್ಸ್‌ಆರ್‌ಡಿ ಗಾತ್ರಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಕಬ್ಬಿಣದ ಆಕ್ಸೈಡ್ ತಾಮ್ರದ ಕಿರಣಕ್ಕೆ ಪ್ರತಿದೀಪಿಸಿ ಹಿನ್ನೆಲೆ ಎತ್ತುತ್ತದೆ. ಹೈಡ್ರೋಜನಿನಲ್ಲಿ ಕಾಯಿಸಿದ್ದರೆ ಅದು ಮ್ಯಾಗ್ನೆಟೈಟ್ ಆಗಿರಬಹುದು. ಆ ಕಾಂತೀಯ ಪುಡಿ ಸೂಕ್ಷ್ಮದರ್ಶಕದ ಲೆನ್ಸಿಗೆ ಹಾರಿ ಅಂಟುತ್ತದೆ, ಟೆಮ್ ನಡೆಸುವವರಿಗೆ ಮೊದಲೇ ತಿಳಿಸಿ.

ಬಳಸಿದ ಮಾದರಿಯನ್ನು ಎಸೆಯಬೇಡಿ. ಜರಡಿಯಿಂದ ಕ್ವಾರ್ಟ್ಜ್ ಬೇರ್ಪಡಿಸಬಹುದಾದಂತೆ ಕಣದ ಅಳತೆ ಮೊದಲೇ ಬೇರೆ ಇಟ್ಟುಕೊಂಡಿದ್ದರೆ, ಕ್ರಿಯೆ ಮುಗಿದ ಪುಡಿಯನ್ನು ಹಾಗೇ ತೆಗೆದು ಕಂದು ಬಾಟಲಿಗೆ ಹಾಕಿ. ಐಸಿಪಿ, ಟೆಮ್, ಎಕ್ಸ್‌ಪಿಎಸ್ ಈ ಮೂರನ್ನೂ ಮತ್ತೊಮ್ಮೆ ಮಾಡಿ. ಹೊಸ ಪುಡಿಯ ಗಾತ್ರ ಕ್ರಿಯೆ ಶುರುವಾದಾಗಿನದು, ಬಳಸಿದ ಪುಡಿಯದು ಮುಗಿದಾಗಿನದು. ಮೊದಲ ಗಂಟೆಯ ವೇಗಕ್ಕೆ ಮೊದಲನೆಯದನ್ನೂ, ಐವತ್ತನೇ ಗಂಟೆಯ ವೇಗಕ್ಕೆ ಎರಡನೆಯದನ್ನೂ ಹಾಕಿ ಲೆಕ್ಕ ಮಾಡಿ.